ಒಳಜೇಬು

ಮಾರ್ಚ್ 4, ಸೋಮವಾರ

ಕೆಂಪು ಚುಕ್ಕೆ ಹೊತ್ತಿಕೊಂಡಿದೆ. ಅಂದರೆ ಫೋನು ಕೇಳಿಸಿಕೊಳ್ಳುತ್ತಿದೆ ಅಂತ ಅರ್ಥ. ಈ ಮನೆಯಲ್ಲಿ ನಾನು ಹೇಳುವುದನ್ನು ಕೊನೆಯವರೆಗೂ ಕೇಳಿಸಿಕೊಳ್ಳುವುದು ಇದೊಂದೇ.

ಹದಿನೆಂಟು ವರ್ಷ ಡೈರಿ ಬರೆದವನು ನಾನು. ಈಗ ಪೆನ್ನು ಹಿಡಿದರೆ ಬೆರಳ ಸಂದಿ ಸೀಳುತ್ತದೆ. ಕೆಲಸದಲ್ಲಿ ಪ್ರತಿ ಚೀಲಕ್ಕೊಂದು ಸಲ ಔಷಧಿ ನೀರಿನಲ್ಲಿ ಕೈ ಅದ್ದಬೇಕು, ಅದರ ಪ್ರಸಾದ. ಚರ್ಮದ ಡಾಕ್ಟರು, "ಒಂದು ತಿಂಗಳು ಕೈಗೆ ಕೆಲಸ ಕೊಡ್ಬೇಡಿ" ಅಂದರು. "ಕೈಯೇ ನನ್ನ ಕೆಲಸ ಸಾರ್" ಅಂದೆ. ನಕ್ಕು ಮುಲಾಮು ಬರೆದುಕೊಟ್ಟರು. ಅದಕ್ಕೇ ಇವಳು ತನ್ನ ಹಳೆಯ ಫೋನು ಕೊಟ್ಟು, "ಇನ್ಮೇಲೆ ಇದಕ್ಕೆ ಹೇಳಿ. ಇದಕ್ಕೆ ಕಿವಿ ನೋಯಲ್ಲ" ಅಂದಳು. ಇವಳು ಅಂದರೆ ನನ್ನ ಹೆಂಡತಿ. ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಜನರ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೊಡುತ್ತಾಳೆ.

ನನ್ನದು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ. ನೂರ ನಲವತ್ತಮೂರು ಜನ ಇದ್ದೇವೆ. ಬಟ್ಟೆ ಒಳಗೆ ಬಂದಾಗ ಮೊದಲು ಮುಟ್ಟುವವನು ನಾನು. ಡಾಕ್ಟರ ಕೋಟು, ನರ್ಸುಗಳ ಉಡುಪು, ಎಲ್ಲದರ ಜೇಬು ತಡಕಿ ನೋಡಿ ಆಮೇಲೆ ಮಷೀನಿಗೆ ಬಿಡಬೇಕು. ಒಂದು ಕೋಟಿಗೆ ನಾಲ್ಕು ಜೇಬು: ಕೆಳಗೆರಡು, ಎದೆಗೊಂದು, ಒಳಗೊಂದು. ಪೆನ್ನು, ಕತ್ತರಿ, ಚಾಕೊಲೇಟು, ಒಂದು ಸಲ ಹಲ್ಲಿನ ಸೆಟ್ಟು. ಇಪ್ಪತ್ತೆರಡು ವರ್ಷದಿಂದ ಇದೇ. ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ಜೇಬಣ್ಣ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ಬಟ್ಟೆ ಮಡಚುವ ಟೇಬಲ್ಲಿನಲ್ಲಿ ಒಬ್ಬಳಿಗೆ ಸೂಜಿ ಚುಚ್ಚಿತು. ಇಂಜೆಕ್ಷನ್ ಸೂಜಿ. ಒಗೆದು, ಒಣಗಿಸಿ ಬಂದ ಕೋಟಿನಲ್ಲಿ ಇತ್ತಂತೆ. ಅವಳನ್ನು ಟೇಬಲಕ್ಕ ಅನ್ನುತ್ತೇವೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ಎಲ್ಲರಿಗೂ ಅಕ್ಕ. ಈಗ ಅವಳು ಮೂರು ಸಲ ರಕ್ತ ಪರೀಕ್ಷೆ ಮಾಡಿಸಬೇಕು.

ಇವತ್ತು ಮ್ಯಾನೇಜರ್ ಕರೆದರು. ಟೀ ತರಿಸಿದರು. ಟೀ ಮುಗಿದ ಮೇಲೆ ಒಂದು ಕಾಗದ ಮುಂದಿಟ್ಟರು: ‘ಜೇಬು ನೋಡುವಲ್ಲಿ ನನ್ನ ನಿರ್ಲಕ್ಷ್ಯದಿಂದ’ ಅಂತ ಶುರುವಾಗುತ್ತದೆ. ಸಹಿ ಮಾಡಿ ಅಂದರು.

ನಾನು ಅರ್ಧ ಗಂಟೆ ಮಾತಾಡಿದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈ ತಪ್ಪಿಲ್ಲ, ತಪ್ಪುವುದೂ ಇಲ್ಲ ಅಂದೆ. ಮೊದಲು ಗಂಟೆಗೆ ಇನ್ನೂರು ಉಡುಪು ಇತ್ತು, ಹೋದ ವರ್ಷ ಮುನ್ನೂರು ಮಾಡಿದಿರಿ, ಅಂದರೆ ಒಂದಕ್ಕೆ ಹನ್ನೆರಡು ಸೆಕೆಂಡು, ಇದು ಜಾಸ್ತಿ ಅಂತ ಕ್ಷೇಮ ಸಮಿತಿಯಲ್ಲಿ ಮೂರು ಸಲ ಹೇಳಿದ್ದೇನೆ ಅಂದೆ. ಕ್ಷೇಮ ಸಮಿತಿ ಕಂಪನಿಯವರೇ ಮಾಡಿದ್ದು. ಮೂರು ವರ್ಷದಿಂದ ನಾನೂ ಅದರ ಸದಸ್ಯ. ಮ್ಯಾನೇಜರ್ ನನ್ನನ್ನು ‘ನಮ್ಮ ಹಿರಿಯರು’ ಅನ್ನುತ್ತಾರೆ. "ನಡಾವಳಿ ಪುಸ್ತಕದಲ್ಲಿ ಎಲ್ಲಾ ಇದೆ, ತೆಗೆದು ನೋಡಿ ಸಾರ್" ಅಂದೆ.

"ಖಂಡಿತ ನೋಡೋಣ" ಅಂದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಸುಮ್ಮನೆ ಹೇಳಿದ್ದಲ್ಲ.

ಇವಳು ಸೂಜಿಗೆ ದಾರ ಪೋಣಿಸಿ ಕೊಡಿ ಅನ್ನುತ್ತಿದ್ದಾಳೆ. ತಡಿ ಮಾರಾಯ್ತಿ, ಇದೊಂದು ಹೇಳಿ ಮುಗಿಸುತ್ತೇನೆ. ಏನು ಹೇಳುತ್ತಿದ್ದೆ? ಮರೆತೇ ಹೋಯಿತು.

ಮಾರ್ಚ್ 6, ಬುಧವಾರ

ನಡಾವಳಿ ಪುಸ್ತಕ ನೋಡಿದೆ. ಆಫೀಸಿನ ಗುಮಾಸ್ತ ಕೊಡುವುದಿಲ್ಲ ಅನ್ನಲಿಲ್ಲ. ಕೊಟ್ಟರೂ ನಷ್ಟವಿಲ್ಲ ಅಂತ ಅವನಿಗೆ ಗೊತ್ತಿತ್ತೇನೋ.

ಮೂರು ವರ್ಷಕ್ಕೆ ಹನ್ನೊಂದು ಸಭೆ. ಹನ್ನೊಂದು ಪುಟ. ಪ್ರತಿ ಪುಟದಲ್ಲೂ ಎರಡೇ ವಾಕ್ಯ: ‘ಸದಸ್ಯರು ಮಾತನಾಡಿದರು. ಗಮನಿಸಲಾಯಿತು.’ ಕೆಳಗೆ ಮ್ಯಾನೇಜರ್ ಸಹಿ.

ಒಂದು ಪುಟ ಮಾತ್ರ ಬೇರೆ. ‘ಸದಸ್ಯರು ದೀರ್ಘವಾಗಿ ಮಾತನಾಡಿದರು. ಗಮನಿಸಲಾಯಿತು.’

ಅದು ನಾನು.

ಗುಮಾಸ್ತನಿಗೆ, "ನಾನು ಮುನ್ನೂರರ ವಿಷಯ ಹೇಳಿದ್ದು ಎಲ್ಲಪ್ಪಾ?" ಅಂದೆ. "ಇದರೊಳಗೇ ಇದೆಯಲ್ಲಾ ಜೇಬಣ್ಣ, ‘ಮಾತನಾಡಿದರು’ ಅಂತ" ಅಂದ. ಅವನ ತಪ್ಪೇನಿಲ್ಲ. ಬರೆ ಅಂದದ್ದನ್ನು ಬರೆದಿದ್ದಾನೆ. ಪುಸ್ತಕದ ರಟ್ಟು ಮಾತ್ರ ಬಹಳ ಗಟ್ಟಿ, ಒಳ್ಳೆಯ ಬೈಂಡಿಂಗ್.

ಮಾರ್ಚ್ 8, ಶುಕ್ರವಾರ

ವಿಚಾರಣೆಯ ನೋಟೀಸು ಬಂತು. ಏಪ್ರಿಲ್ ಇಪ್ಪತ್ತನಾಲ್ಕಕ್ಕೆ. ತಪ್ಪು ರುಜುವಾತಾದರೆ ಕೆಲಸದಿಂದ ತೆಗೆಯಬಹುದು ಅಂತಿದೆ. ಐವತ್ತನೇ ವಯಸ್ಸಿನಲ್ಲಿ ಜೇಬು ನೋಡಲು ಇನ್ಯಾರು ಕರೆಯುತ್ತಾರೆ?

ಜೊತೆಗೆ ಒಬ್ಬರನ್ನು ಕರೆತರಬಹುದೇ ಅಂತ ಮ್ಯಾನೇಜರನ್ನು ಕೇಳಿದೆ. "ಮಾನ್ಯತೆ ಪಡೆದ ಸಂಘದವರು ಬರಬಹುದು. ಆದ್ರೆ ನಮ್ಮಲ್ಲಿ ಅಂಥ ಸಂಘ ಇಲ್ವಲ್ಲಾ ಹಿರಿಯರೇ" ಅಂದರು. ಇವತ್ತು ಟೀ ಇರಲಿಲ್ಲ.

ಸಂಘ ಇದೆ. ಟೇಬಲಕ್ಕ ಎರಡು ವರ್ಷದಿಂದ ಕಟ್ಟುತ್ತಿದ್ದಾಳೆ. ನಾನು ಆ ಕಡೆ ತಲೆ ಹಾಕಿರಲಿಲ್ಲ, ಸಮಿತಿಯಲ್ಲಿದ್ದವನಿಗೆ ಸಂಘ ಯಾಕೆ ಅಂತ. ಊಟದ ಹೊತ್ತಿಗೆ ಅವಳ ಟೇಬಲ್ಲಿಗೆ ಹೋದೆ. ಸೂಜಿ ಚುಚ್ಚಿದ ಮೇಲೆ ಇದೇ ಮೊದಲು. ಬೆರಳಿಗೆ ಸಣ್ಣ ಪಟ್ಟಿ ಇತ್ತು. ಅದರಲ್ಲಿ ನೋಡುವಂಥದ್ದೇನೂ ಇಲ್ಲ, ನಾನು ನೋಡಲಿಲ್ಲ.

"ಸಂಘ ಇದೆ ಅಂದ್ಮೇಲೆ ಮಾನ್ಯತೆ ಅಂತ ಬೇರೆ ಯಾಕೆ?" ಅಂದೆ.

ಅವಳು ಬೆಡ್‌ಶೀಟು ಮಡಚುತ್ತಲೇ ಹೇಳಿದಳು. "ಸಂಘ ಯಾರು ಬೇಕಾದ್ರೂ ಕಟ್ಬಹುದು ಅಣ್ಣಾ. ನಾವು ಕಾಗದ ಬರೆದ್ರೆ ಅವರು ಓದ್ಲೇಬೇಕು ಅಂತೇನಿಲ್ಲ. ಮಾನ್ಯತೆ ಸಿಕ್ಕರೆ ಎದುರಿಗೆ ಕೂತು ಮಾತಾಡ್ಲೇಬೇಕು. ಒಪ್ಪಿದ್ದನ್ನ ಬರೆದು ಸಹಿ ಹಾಕ್ಲೇಬೇಕು."

"ಹೆಂಗೆ ಸಿಗುತ್ತೆ?"

"ಅರ್ಧಕ್ಕಿಂತ ಹೆಚ್ಚು ಜನ ನಮ್ಮ ಕಡೆ ಇದ್ದಾರೆ ಅಂತ ತೋರಿಸ್ಬೇಕು. ಎಪ್ಪತ್ತೆರಡು ಸಹಿ. ಈ ತಿಂಗಳು ಮೂವತ್ತರೊಳಗೆ ಕಾರ್ಮಿಕ ಇಲಾಖೆಗೆ ಕೊಟ್ರೆ, ಅವರು ಸಹಿ ತಾಳೆ ನೋಡ್ತಾರೆ. ಆಮೇಲೆ ಗುಟ್ಟಾಗಿ ಓಟು. ಅದರಲ್ಲೂ ಗೆದ್ರೆ ಆಯ್ತು."

"ಮೂವತ್ತು ದಾಟಿದ್ರೆ?"

"ನಿಮ್ಮ ಕ್ಷೇಮ ಸಮಿತೀನೇ ಕೆಲಸಗಾರರ ಪ್ರತಿನಿಧಿ ಅಂತ ದಾಖಲಾಗುತ್ತೆ. ಮೂರು ವರ್ಷಕ್ಕೆ."

‘ನಿಮ್ಮ’ ಅನ್ನುವಾಗ ಅವಳು ತಲೆಯೆತ್ತಲಿಲ್ಲ. ಇಲ್ಲಿಯವರೆಗೆ ಮೂವತ್ತನಾಲ್ಕು ಸಹಿ ಆಗಿದೆಯಂತೆ. ಖಾಲಿ ಫಾರಂಗಳ ಜೊತೆ ಆ ಮೂವತ್ತನಾಲ್ಕನ್ನೂ ನನ್ನ ಕೈಗೇ ಕೊಟ್ಟಳು, ಎಲ್ಲ ಒಂದೇ ಕಡೆ ಇರಲಿ ಅಂತ. "ನಿಮಗೆ ಬಾಯಿದೆ" ಅಂದಳು.

ಇದೆ. ಅದರಲ್ಲಿ ಅನುಮಾನವಿಲ್ಲ.

ಮಾರ್ಚ್ 16, ಶನಿವಾರ

ಎಂಬತ್ತೊಂದು! ಎಪ್ಪತ್ತೆರಡು ಸಾಕಿತ್ತು, ಎಂಬತ್ತೊಂದು!

ಒಂದು ವಾರದಲ್ಲಿ ನಲವತ್ತೇಳು ಸಹಿ. ಎರಡು ವರ್ಷದಲ್ಲಿ ಅವಳು ಮಾಡಿದ್ದಕ್ಕಿಂತ ಹೆಚ್ಚು. ಹೊಗಳಿಕೊಳ್ಳುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ. ಗಾಡಿ ಡ್ರೈವರುಗಳ ಹತ್ತಿರ ಗಾಡಿಯ ಮಾತು, ಇಸ್ತ್ರಿ ರೋಲರಿನವರ ಹತ್ತಿರ ಬಿಸಿಯ ಮಾತು. ಒಬ್ಬ, "ಸಹಿ ಹಾಕ್ತೀನಿ, ಆದ್ರೆ ಇನ್ನು ಹೇಳ್ಬೇಡ ಜೇಬಣ್ಣ, ಬಸ್ಸು ಹೋಗುತ್ತೆ" ಅಂದ. ಇನ್ನೊಬ್ಬಳು ನಾನು ಬಾಯಿ ತೆರೆಯುವ ಮೊದಲೇ ಪೆನ್ನು ಕಿತ್ತುಕೊಂಡಳು. ನಾನು ಹೇಳಬೇಕೆಂದಿದ್ದು ಹೊಟ್ಟೆಯಲ್ಲೇ ಉಳಿಯಿತು.

ಸೋತದ್ದು ಒಂದೇ ಕಡೆ. ಬಾಯ್ಲರ್ ಮಾವ. ಮೂವತ್ತು ವರ್ಷದಿಂದ ಬಾಯ್ಲರ್ ನೋಡಿಕೊಳ್ಳುವ ಮುದುಕ, ಬರುವ ವರ್ಷ ರಿಟೈರ್. ಅವನ ಮಾತಿಗೆ ಆ ಕಡೆಯ ಆರೇಳು ಜನ ಕಾಯುತ್ತಾರೆ. ಒಂದು ಗಂಟೆ ನಿಂತು ಹೇಳಿದೆ, ಸಂಘ ಯಾಕೆ ಬೇಕು, ಒಗ್ಗಟ್ಟು ಅಂದರೇನು, ಎಲ್ಲಾ. ಸುಮ್ಮನೆ ನನ್ನ ಮುಖ ನೋಡುತ್ತಿದ್ದ. ಕಲ್ಲು. ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ.

ಇರಲಿ. ಎಂಬತ್ತೊಂದನ್ನೂ ರಬ್ಬರ್ ಬ್ಯಾಂಡ್ ಹಾಕಿ ಭದ್ರ ಮಾಡಿದ್ದೇನೆ. ಸೋಮವಾರ ಟೀ ಬಿಡುವಿನಲ್ಲಿ ಅವಳ ಕೈಗೆ. ಮುಖ ನೋಡಬೇಕು ಆಗ.

ದಾರ ದಾರ ಅಂತ ಇವಳದ್ದು ಒಂದೇ ಸಮ. ಕೊಡೇ, ಪೋಣಿಸುತ್ತೇನೆ. ಕಣ್ಣ ಮುಂದೆ ಇರುವ ತೂತು ಕಾಣುವುದಿಲ್ಲವಾ ನಿನಗೆ?

ಮಾರ್ಚ್ 18, ಸೋಮವಾರ

ಕೋಟಿನ ಒಳಜೇಬಿನಲ್ಲಿತ್ತು.

ಇವತ್ತು ಇಷ್ಟೇ.

ಮಾರ್ಚ್ 19, ಮಂಗಳವಾರ

ನಿನ್ನೆಯದು ಹೇಳಬೇಕು.

ನಮಗೂ ಕಂದು ಬಣ್ಣದ ಕೆಲಸದ ಕೋಟು ಇರುತ್ತದೆ, ಒಬ್ಬೊಬ್ಬರಿಗೆ ಎರಡೆರಡು. ಶನಿವಾರ ಸಂಜೆ ಎಲ್ಲರೂ ಬಿಚ್ಚಿ ಒಂದೇ ಚೀಲಕ್ಕೆ ಹಾಕುತ್ತೇವೆ, ಸೋಮವಾರ ಬೆಳಿಗ್ಗೆ ಒಗೆಯುತ್ತಾರೆ. ಇಪ್ಪತ್ತೆರಡು ವರ್ಷದ ಅಭ್ಯಾಸ. ಆ ಶನಿವಾರ ನಾನು ಕನ್ನಡಕ ತೆಗೆದುಕೊಂಡೆ, ಪೆನ್ನು ತೆಗೆದುಕೊಂಡೆ, ಫೋನು ತೆಗೆದುಕೊಂಡೆ. ಫಾರಂ ಒಳಜೇಬಿನಲ್ಲಿತ್ತು. ಯಾರ ಕಣ್ಣಿಗೂ ಬೀಳದಿರಲಿ ಅಂತ ನಾನೇ ಅಲ್ಲಿ ಇಟ್ಟಿದ್ದೆ.

ಸೋಮವಾರ ಆ ಚೀಲ ಯಾರ ಮೇಜಿಗೆ ಬಂತು? ನನ್ನ ಮೇಜಿಗೇ. ನನ್ನ ಕೋಟು ನನ್ನ ಕೈಕೆಳಗೇ ಹಾದು ಹೋಯಿತು. ಎಡಗೈ ಕೆಳಗಿನೆರಡು ಜೇಬಿಗೆ, ಬಲಗೈ ಎದೆಜೇಬಿಗೆ, ಎಸೆ. ಮುಂದಿನದು. ಹನ್ನೆರಡು ಸೆಕೆಂಡು.

ಹನ್ನೊಂದು ಗಂಟೆಗೆ ಟೀ ಬಿಡುವು. ಮೈಮೇಲಿನ ಕೋಟಿನ ಒಳಜೇಬಿಗೆ ಕೈ ಹಾಕಿದೆ. ಖಾಲಿ. ಅದು ಒಗೆದ ಕೋಟು. ಅಷ್ಟು ಹೊತ್ತಿಗೆ ಮಷೀನು ಕೊನೆಯ ಸುತ್ತಿಗೆ ಬಂದಿತ್ತು. ಗಾಜಿನ ಬಾಗಿಲಿನಲ್ಲಿ ಬೆಳ್ಳಗೆ ಏನೋ ತಿರುಗುತ್ತಿತ್ತು. ಮಷೀನಿನವನು, "ಇವತ್ತು ಸೋಪು ಜಾಸ್ತಿ ಆಯ್ತೇನೋ" ಅಂದ.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನುತ್ತಾರೆ. ನಾನು ತೊಳೆದದ್ದು ಎಂಬತ್ತೊಂದು ಜನರ ಸಹಿ.

ಕಾಗದ ಪೂರ್ತಿ ಕರಗಿ ಎಲ್ಲರ ಕೋಟಿಗೂ ಅಂಟಿಕೊಂಡಿತ್ತು. ಕಂದು ಬಟ್ಟೆಯ ಮೇಲೆ ಬಿಳಿ ಚೂರು. ಇವತ್ತು ನೂರಕ್ಕೂ ಹೆಚ್ಚು ಜನ ಅದನ್ನೇ ತೊಟ್ಟು ಓಡಾಡಿದರು. ಅವರವರ ಸಹಿ ಅವರವರ ಬೆನ್ನ ಮೇಲೆ. ಮ್ಯಾನೇಜರ್ ಒಬ್ಬಳ ತೋಳಿನಿಂದ ಒಂದು ಚೂರು ಬಿಡಿಸಿ ಬೆಳಕಿಗೆ ಹಿಡಿದು ನೋಡಿ, "ಏನಿದು, ಟಿಶ್ಯೂನಾ?" ಅಂದರಂತೆ. "ಹೌದು ಸಾರ್, ನೆಗಡಿ" ಅಂದಳಂತೆ.

ಟೇಬಲಕ್ಕನಿಗೆ ನಿನ್ನೆಯೇ ಹೇಳಿದೆ. ಹೇಗೆ ಹೇಳುವುದು ಅಂತ ಬಹಳ ಮಾತು ಜೋಡಿಸಿಕೊಂಡು ಹೋಗಿದ್ದೆ. ಎದುರಿಗೆ ನಿಂತಾಗ, "ಒಗೆದುಬಿಟ್ಟೆ ಅಕ್ಕಾ" ಅನ್ನುವುದೊಂದೇ ಬಂತು.

ಬೈಯಲಿಲ್ಲ. "ಫೋಟೋ ತೆಗೆದಿದ್ರಾ?" ಅಂದಳು. ಇಲ್ಲ ಅಂದೆ. "ತೆಗೆದಿದ್ರೂ ಅಷ್ಟೆ, ಅವರಿಗೆ ಮೂಲ ಸಹೀನೇ ಬೇಕು" ಅಂತ ತಾನೇ ಅಂದುಕೊಂಡಳು. ಮಡಚುತ್ತಿದ್ದ ಬೆಡ್‌ಶೀಟು ಪಕ್ಕಕ್ಕಿಟ್ಟು, "ಯಾವ ಜೇಬು?" ಅಂದಳು.

"ಒಳಜೇಬು."

"ಒಳಜೇಬು ನೋಡಲ್ವಾ ಅಣ್ಣಾ?"

"ಮುನ್ನೂರು ಮಾಡಿದ ಮೇಲೆ ನೋಡೋಕಾಗಲ್ಲ."

ಅವಳು ಪಟ್ಟಿ ಸುತ್ತಿದ ಬೆರಳನ್ನು ಒಂದು ಸಲ ನೋಡಿಕೊಂಡಳು. ಅಷ್ಟೇ. ಆಮೇಲೆ ಡ್ರಾಯರಿನಿಂದ ಖಾಲಿ ಫಾರಂಗಳ ಹೊಸ ಕಟ್ಟು ತೆಗೆದಳು.

ಮಾರ್ಚ್ 23, ಶನಿವಾರ

ನಲವತ್ತಾರು ಆಗಿದೆ. ಇನ್ನು ಏಳು ದಿನ.

ಈ ಸಲ ಯಾಕೋ ಒಬ್ಬೊಬ್ಬರಿಗೂ ಹೆಚ್ಚು ಹೊತ್ತು ಹಿಡಿಯುತ್ತಿದೆ. ಮೊದಲು ತಪ್ಪಾಯಿತು ಅನ್ನಬೇಕು. ಅದಾದ ಮೇಲೆ ನನ್ನ ಹತ್ತಿರ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಸುಮ್ಮನೆ ನಿಲ್ಲುತ್ತೇನೆ. ಆಗ ಅವರು ಶುರು ಮಾಡುತ್ತಾರೆ.

ರೋಲರಿನ ಹತ್ತಿರ ಇರುವವಳು ಹೇಳಿದಳು, ಅವಳಿಗೆ ದಿನಕ್ಕೆ ಎರಡು ಸಲ ಕಣ್ಣು ಕತ್ತಲೆ ಬರುತ್ತದಂತೆ. ರೋಲರಿನ ಕಂಬ ಹಿಡಿದುಕೊಂಡು ನೂರು ಎಣಿಸುತ್ತಾಳಂತೆ. ಯಾರಿಗೂ ಹೇಳಿಲ್ಲ. ಅವಳು ನನ್ನ ಮೇಜಿನಿಂದ ಹತ್ತು ಹೆಜ್ಜೆ ದೂರ. ಚೀಲ ಹೊರುವವನು ತೋಳು ಮೇಲೆತ್ತಿ ತೋರಿಸಿದ, ಕಿವಿಯ ಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ತಲೆ ಬಾಚುವುದು ಅವನ ಹೆಂಡತಿಯಂತೆ. ಹೇಳಿ ನಕ್ಕ, ನಾನೂ ನಕ್ಕೆ.

ಮೊದಲ ಸಲ ಸಹಿ ಹಾಕಿದ ಐವರು ಈ ಸಲ ಹಾಕಲಿಲ್ಲ. ಸೂಪರ್‌ವೈಸರ್ ಕರೆದು ಮಾತಾಡಿದ್ದಾರಂತೆ. ಒಬ್ಬ, "ಮಷೀನೇ ಬೇಡ ಅಂತಲ್ಲಾ ಜೇಬಣ್ಣ, ನಾನ್ಯಾಕೆ ಬೇಕು ಅನ್ಲಿ" ಅಂದ. ನಾನು ಒತ್ತಾಯ ಮಾಡಲಿಲ್ಲ.

ಮಧ್ಯಾಹ್ನ ಬಾಯ್ಲರ್ ರೂಮಿಗೆ ಹೋದೆ. ಮಾವ ಮೀಟರಿನ ಮುಳ್ಳು ನೋಡುತ್ತ ಕೂತಿದ್ದ. ನನ್ನನ್ನು ಕಂಡವನೇ, "ಬಂದ್ಯಾ? ಕೂತ್ಕೋ. ಇವತ್ತು ಎಷ್ಟು ಗಂಟೆ ಪ್ರವಚನ?" ಅಂದ.

"ಪ್ರವಚನ ಇಲ್ಲ ಮಾವ. ಫಾರಂ ಎಲ್ಲಾ ಒಗೆದುಹಾಕಿದ್ದೀನಿ."

"ಕೇಳ್ದೆ. ಪೂರ್ತಿ ಲಾಂಡ್ರಿ ನಗ್ತಾ ಇದೆ." ಮುಳ್ಳಿನ ಕಡೆಯೇ ನೋಡುತ್ತಿದ್ದ. "ನನ್ನ ಸಹಿಗೇನೂ ಆಗಿಲ್ಲ ಬಿಡು. ಅದು ನಿನ್ನ ಕಟ್ಟಲ್ಲಿ ಇರಲೇ ಇಲ್ವಲ್ಲ."

"ನೀವು ಹಾಕಲಿಲ್ಲ."

"ನೀನು ಕೇಳಿದ್ರೆ ತಾನೆ ಕಣಯ್ಯಾ ಹಾಕೋದು! ಒಂದು ಗಂಟೆ ನಿಂತು ಮಾತಾಡ್ದೆ. ಒಗ್ಗಟ್ಟು ಅಂದೆ, ಬೆರಳು ಐದು ಸೇರಿದ್ರೆ ಮುಷ್ಟಿ ಅಂದೆ. ನಾನು ಪೆನ್ನು ಹಿಡ್ಕೊಂಡೇ ನಿಂತಿದ್ದೆ. ನೀನು ಫಾರಮ್ಮು ಜೇಬಿಂದ ತೆಗೀಲೇ ಇಲ್ಲ. ‘ಬರ್ತೀನಿ ಮಾವ’ ಅಂತ ಹೊರಟೇ ಹೋದೆ."

ನಾನು ಫಾರಂ ತೆಗೆದು ಕೊಟ್ಟೆ. ಸಹಿ ಹಾಕಿದ. ಆಮೇಲೆ ಪಕ್ಕದ ರೂಮಿನವರನ್ನು ಕೂಗಿ ಕರೆದ. ಇನ್ನೂ ಆರು ಸಹಿ ಆಯಿತು. ಆ ನಲವತ್ತಾರರಲ್ಲಿ ಇವೂ ಸೇರಿವೆ.

ಮುಳ್ಳು ಯಾಕೆ ಅಷ್ಟು ನೋಡುತ್ತಾನೆ ಅಂತ ಕೇಳಿದೆ. ಹದಿನೈದು ನಿಮಿಷ ಹೇಳಿದ. ಬಾಯ್ಲರಿನ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅದರ ಆವಿಯಲ್ಲೇ ಬೆಂದಿದ್ದೇನೆ.

ಮಾರ್ಚ್ 29, ಶುಕ್ರವಾರ

ಕೊಟ್ಟು ಬಂದೆವು. ಎಪ್ಪತ್ತೊಂಬತ್ತು.

ಫಾರಂಗಳನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಟೇಬಲಕ್ಕನೇ ಇಟ್ಟುಕೊಂಡಿದ್ದಳು. "ನನ್ನನ್ನ ನಂಬಲ್ವಾ?" ಅಂದೆ. "ನಿಮ್ಮನ್ನ ನಂಬ್ತೀನಿ, ನಿಮ್ಮ ಕೋಟನ್ನ ನಂಬಲ್ಲ" ಅಂದಳು.

ಕಾರ್ಮಿಕ ಇಲಾಖೆ ಎರಡನೇ ಮಹಡಿಯಲ್ಲಿದೆ. ಬೆಂಚು ಗೋಡೆಗೆ ಒರಗಿಸಿದೆ, ಅದರ ಒಂದು ಕಾಲಿಗೆ ಹಳೆಯ ಫೈಲು ಒತ್ತು ಕೊಟ್ಟಿದ್ದಾರೆ. ಅಧಿಕಾರಿ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ಒಂದೊಂದು ಫಾರಮನ್ನೂ ಕೆಲಸಗಾರರ ಪಟ್ಟಿಯ ಜೊತೆ ತಾಳೆ ನೋಡಿದರು. ಒಂದರಲ್ಲಿ ತಾರೀಖಿಲ್ಲ ಅಂತ ಪಕ್ಕಕ್ಕಿಟ್ಟರು. ಇನ್ನೊಂದರಲ್ಲಿ ಸಹಿ ಹೊಂದುವುದಿಲ್ಲ. ಹಾಗೆ ಪಕ್ಕಕ್ಕೆ ಮೂರು, ನಾಲ್ಕು, ಐದಾಯಿತು. ಇನ್ನು ಮೂರು ಹೋದರೆ ಎಲ್ಲವೂ ಹೋದ ಹಾಗೆ. ನಾನು ಎದ್ದು ಹೇಳಬೇಕೆಂದಿದ್ದೆ, ಆ ಸಹಿಯವನ ತೋಳು ಮೇಲೇಳುವುದಿಲ್ಲ, ಅದಕ್ಕೇ ಅಕ್ಷರ ಹಾಗೆ ಅಂತ. ಟೇಬಲಕ್ಕ ನನ್ನ ಮೊಣಕೈ ಮುಟ್ಟಿದಳು. ಕೂತೆ.

ಐದಕ್ಕೇ ನಿಂತಿತು. ಎಪ್ಪತ್ತನಾಲ್ಕು. ಸ್ವೀಕೃತಿಯ ಮುದ್ರೆ ಹೊಡೆದು ಕೊಟ್ಟರು. ಓಟು ಏಪ್ರಿಲ್ ಹದಿನಾರಕ್ಕೆ.

ಮೆಟ್ಟಿಲಿಳಿಯುವಾಗ ಅವಳೇ ಹೇಳಿದಳು, ಮೊದಲ ರಕ್ತ ಪರೀಕ್ಷೆ ಸರಿಯಾಗಿ ಬಂದಿದೆ, ಇನ್ನೂ ಎರಡಿದೆ ಅಂತ. ಕೊನೆಯದು ಬರುವವರೆಗೆ ತಂಗಿಯ ಮಗುವನ್ನು ಎತ್ತಿಕೊಳ್ಳುವುದಿಲ್ಲವಂತೆ. ಎತ್ತಿಕೊಂಡರೆ ಏನೂ ಆಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರಂತೆ. "ಆದ್ರೂ" ಅಂದಳು.

ನಾನು ಹೂಂ ಅಂದೆ.

ಏಪ್ರಿಲ್ 16, ಮಂಗಳವಾರ

ಓಟು ಕ್ಯಾಂಟೀನಿನಲ್ಲಿ ನಡೆಯಿತು. ಎರಡು ಟೇಬಲ್ ಜೋಡಿಸಿ ಮಧ್ಯೆ ಬೆಡ್‌ಶೀಟು ಕಟ್ಟಿ ಮರೆ ಮಾಡಿದ್ದರು. ಒಗೆದು ಇಸ್ತ್ರಿ ಮಾಡಿದ್ದು, ನಮ್ಮದೇ. ಅಧಿಕಾರಿ ತಾವೇ ಕಬ್ಬಿಣದ ಪೆಟ್ಟಿಗೆ ತಂದಿದ್ದರು. ಬೆಳಿಗ್ಗೆ ಮ್ಯಾನೇಜರ್ ಎಲ್ಲರಿಗೂ ಬಿಸ್ಕತ್ತು ಹಂಚಿಸಿ, "ನಾವೆಲ್ಲಾ ಒಂದೇ ಮನೆಯವರು" ಅಂದರು. ಬಾಯ್ಲರ್ ಮಾವ ಎರಡು ಬಿಸ್ಕತ್ತು ತಗೊಂಡು, "ಮನೇಲೂ ಓಟು ಹಾಕಿದ್ರೆ ಚೆನ್ನಾಗಿರುತ್ತೆ ಸಾರ್" ಅಂದ.

ನೂರ ಮೂವತ್ತೊಂಬತ್ತು ಜನ ಹಾಕಿದರು. ಪರ ಎಂಬತ್ತೆಂಟು. ವಿರುದ್ಧ ನಲವತ್ತೊಂಬತ್ತು. ತಿರಸ್ಕೃತ ಎರಡು. ಆ ಎರಡರಲ್ಲಿ ಒಂದು ಖಾಲಿ. ಇನ್ನೊಂದರಲ್ಲಿ ಯಾರೋ ಗುರುತು ಹಾಕುವ ಬದಲು ‘ಗಮನಿಸಲಾಯಿತು’ ಅಂತ ಬರೆದಿದ್ದರು. ಅಧಿಕಾರಿ ಅದನ್ನು ಎರಡು ಸಲ ಓದಿದರು. ಆಫೀಸಿನ ಗುಮಾಸ್ತ ಕಿಟಕಿಯಾಚೆ ನೋಡುತ್ತಿದ್ದ.

ಅಧಿಕಾರಿ ಎದ್ದು ನಿಂತು ಘೋಷಿಸಿದರು. ರೋಲರಿನವಳು ಕೂತುಕೊಂಡಳು. ಕಣ್ಣು ಕತ್ತಲೆ ಬಂತೇನೋ ಅಂತ ನೀರು ತಗೊಂಡು ಹೋದೆ. ಅಳುತ್ತಿದ್ದಳು, ಅಷ್ಟೇ.

ಎಲ್ಲರೂ, "ಜೇಬಣ್ಣ, ಎರಡು ಮಾತಾಡು" ಅಂದರು. ಇವತ್ತು ಬೇಡ ಅಂದೆ. ಬಿಡುವು ಮುಗಿಯುತ್ತ ಬಂದಿತ್ತು.

ಏಪ್ರಿಲ್ 20, ಶನಿವಾರ

ಇವಳು ಸೂಜಿ, ದಾರ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದಳು. ಕರೆಯಲಿಲ್ಲ. ನಾಲ್ಕೈದು ಸಲ ಪ್ರಯತ್ನ ಪಟ್ಟಳು, ನಾನು ನೋಡುತ್ತಿದ್ದೆ. ಎದ್ದು ಹೋಗಿ ಪೋಣಿಸಿ ಕೊಟ್ಟೆ.

"ಕಣ್ಣು ಯಾವಾಗಿಂದ ಹಿಂಗೆ?" ಅಂದೆ.

"ಎರಡು ವರ್ಷ ಆಯ್ತು."

"ಹೇಳ್ಬಾರದಿತ್ತಾ?"

ಇವಳು ನಕ್ಕಳು. ಯಾಕೆ ನಕ್ಕಳೋ.

ಸಂಜೆ ಕನ್ನಡಕದ ಅಂಗಡಿಗೆ ಹೋಗಿ ಬಂದೆವು. ನಾಲ್ಕು ದಿನ ಬಿಟ್ಟು ಕೊಡುತ್ತಾರಂತೆ.

ಏಪ್ರಿಲ್ 24, ಬುಧವಾರ

ವಿಚಾರಣೆ ಆಯಿತು.

ಸಂಘದಿಂದ ನನ್ನ ಜೊತೆ ಯಾರು ಬರಬೇಕು ಅಂತ ಮೊನ್ನೆ ಕೂತು ಮಾತಾಡಿದರು. ಟೇಬಲಕ್ಕ, "ನಾನು ಹೋಗ್ತೀನಿ" ಅಂದಳು.

ಮ್ಯಾನೇಜರ್ ಅವಳನ್ನು ಕಂಡು ಕಾಗದ ಕೆಳಗಿಟ್ಟರು. "ಗಾಯ ಆಗಿದ್ದು ನಿಮಗಲ್ವಾ? ನೀವೇ ಇವರ ಪರ ಬಂದ್ರೆ ಹೆಂಗೆ?"

"ಸಂಘ ಕಳಿಸಿದೆ ಸಾರ್" ಅಂದಳು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

ಗುಮಾಸ್ತ ಪುಸ್ತಕ ತೆರೆದ. ಅದೇ ಗಟ್ಟಿ ರಟ್ಟಿನ ಪುಸ್ತಕ, ಹೊಸ ಪುಟ. ಮ್ಯಾನೇಜರ್ ಕೇಳಿದರು, "ಆ ಕೋಟಿನ ಜೇಬು ನೀವು ನೋಡಿದ್ರಾ?"

ನನ್ನ ಹತ್ತಿರ ಅರ್ಧ ಗಂಟೆಯ ಮಾತಿತ್ತು. ಮಾರ್ಚ್ ನಾಲ್ಕರಂದು ಈ ಫೋನಿಗೆ ಹೇಳಿದ್ದೇ ಇದೆ. ಅದನ್ನೇ ಮತ್ತೆ ಹೇಳಬಹುದಿತ್ತು. ಅವಳ ಕಡೆ ನೋಡಿದೆ. ಅವಳಿಗೆ ಹೇಳಬೇಕಾದದ್ದನ್ನು ಮ್ಯಾನೇಜರಿಗೆ ಹೇಳಿದೆ.

"ಒಳಜೇಬು ನೋಡಲಿಲ್ಲ. ನನ್ನ ಕೈ ತಪ್ಪಿತು."

"ಅಲ್ಲಿಗೆ ಒಪ್ಪಿಕೊಂಡ ಹಾಗಾಯ್ತು" ಅಂದರು 	ಮ್ಯಾನೇಜರ್. ಸ್ವಲ್ಪ ಆಶ್ಚರ್ಯವಾದ ಹಾಗಿತ್ತು.

"ಹೌದು. ಬರ್ಕೊಳ್ಳಿ" ಅಂದಳು ಟೇಬಲಕ್ಕ ಗುಮಾಸ್ತನಿಗೆ. "ಇದನ್ನೂ ಬರ್ಕೊಳ್ಳಿ. ಇನ್ನೂರಿದ್ದಾಗ ನಾಲ್ಕೂ ಜೇಬು ನೋಡ್ತಿದ್ರು. ಮುನ್ನೂರು ಮಾಡಿದ ಮೇಲೆ ಮೂರೇ ಜೇಬಿಗೆ ಟೈಮು ಸಾಕು. ಇವರು ತಮ್ಮ ಕೋಟಿನ ಒಳಜೇಬೇ ನೋಡ್ಲಿಲ್ಲ. ಇಡೀ ಲಾಂಡ್ರಿಗೆ ಗೊತ್ತು. ನಾವು ಅದನ್ನ ಮೈಮೇಲೆ ಹಾಕ್ಕೊಂಡು ಓಡಾಡಿದ್ದೀವಿ."

ಮ್ಯಾನೇಜರ್ ನನ್ನನ್ನೇ ನೋಡಿದರು. ಟಿಶ್ಯೂ ನೆನಪಾಯಿತೋ ಏನೋ.

ಆಮೇಲೆ ಮಾತುಕತೆಯೇ. ಅವಳು ಇನ್ನೂರು ಅಂದಳು, ಅವರು ಇನ್ನೂರ ಐವತ್ತು ಅಂದರು. ಅವಳು ಇನ್ನೂರು ಅಂದಳು. ಮ್ಯಾನೇಜರ್ ಎರಡು ಸಲ ಎದ್ದು ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದರು. ನಾನು ನಡುವೆ ಬಾಯಿ ಹಾಕಲಿಲ್ಲ. ಹಾಕುವುದಕ್ಕೇನೂ ಇರಲಿಲ್ಲ, ಅವಳು ಸರಿಯಾಗಿಯೇ ಹೇಳುತ್ತಿದ್ದಳು. ಕೊನೆಗೆ ಇನ್ನೂರ ಇಪ್ಪತ್ತು, ಮುಂದಿನ ತಿಂಗಳ ಮಾತುಕತೆಯವರೆಗೆ. ನನಗೆ ಒಂದು ಎಚ್ಚರಿಕೆ ಪತ್ರ. ಕೆಲಸ ಉಳಿಯಿತು. ಪತ್ರ ನ್ಯಾಯವೇ, ತಗೊಂಡೆ.

ಎದ್ದೇಳುವ ಹೊತ್ತಿಗೆ ಟೇಬಲಕ್ಕ, "ಬರೆದದ್ದನ್ನ ಓದಿ ಹೇಳಿ" ಅಂದಳು. ಈಗ ಇಬ್ಬರ ಸಹಿಯೂ ಬೇಕು, ಓದದೆ ಹಾಕುವ ಹಾಗಿಲ್ಲ. ಗುಮಾಸ್ತ ಎದ್ದು ನಿಂತು ಓದಿದ. ನಿಲ್ಲಬೇಕಿರಲಿಲ್ಲ.

‘ಜೇಬು ತಪಾಸಣೆಯವರು ಹೇಳಿದ್ದು: ಒಳಜೇಬು ನೋಡಲಿಲ್ಲ. ನನ್ನ ಕೈ ತಪ್ಪಿತು.’

ಅಕ್ಷರ ಅಕ್ಷರ ಹಾಗೇ ಇತ್ತು. ಮ್ಯಾನೇಜರ್ ಸಹಿ ಹಾಕಿದರು. ಆಮೇಲೆ ಅವಳು ಹಾಕಿದಳು. ಪೆನ್ನು ಹಿಡಿದ ಬೆರಳನ್ನು ನೋಡಿದೆ, ಪಟ್ಟಿ ಇರಲಿಲ್ಲ. ಎಲ್ಲಿ ಚುಚ್ಚಿತ್ತು ಅಂತ ಹುಡುಕಿದೆ, ಕಾಣಲಿಲ್ಲ.

ಹೊರಗೆ ಬಂದ ಮೇಲೆ ಅವಳು, "ನಿಮ್ಮ ಹತ್ರ ಇನ್ನೂ ಇತ್ತಲ್ಲಾ ಅಣ್ಣಾ ಹೇಳೋದು" ಅಂದಳು. ಅಷ್ಟೇ ಇದ್ದದ್ದು ಅಂದೆ.

ಇವಳು ಒಳಗಿನಿಂದ ಕೇಳುತ್ತಿದ್ದಾಳೆ, ಆಯ್ತಾ, ಇಷ್ಟು ಬೇಗ ಮುಗೀತಾ, ಫೋನು ಕೆಟ್ಟಿದೆಯಾ ಅಂತ. ಹೊಸ ಕನ್ನಡಕ ಹಾಕಿಕೊಂಡಿದ್ದಾಳೆ. ಇನ್ನೂ ಏನೋ ಹೇಳುತ್ತಿದ್ದಾಳೆ. ಹೊಲಿಗೆ ಮಷೀನಿನ ಸದ್ದಿಗೆ ಇಲ್ಲಿಗೆ ಸರಿಯಾಗಿ ಕೇಳಿಸುತ್ತಿಲ್ಲ.

ನಿಲ್ಲಿಸುತ್ತೇನೆ.